ಮರ ಒಣಗಲಿ, ಬಣ್ಣ ಆಮೇಲೆ

“ಆ ತುದಿ ನೀವ್ ಹಿಡ್ಕಳ್ರಿ. ಎಳೀಬ್ಯಾಡ್ರಿ, ಎತ್ರಿ. ಕಾಲು ಸಡ್ಲ ಐತೆ.”

ಒಂದು ಕಡೆ ಆಚಾರ್ರು, ಇನ್ನೊಂದು ಕಡೆ ನೀವು. ಬೇವಿನ ಮರದ ಬುಡದಿಂದ ಬೆಂಚು ಮೇಲೇಳುತ್ತದೆ. ಆರಡಿ ಉದ್ದ, ಕೂರಲು ಮೂರು ಹಲಗೆ, ಒರಗಲು ಒಂದು. ಎತ್ತಿದ ಕೂಡಲೇ ತೋಳು ಜಗ್ಗುತ್ತದೆ. ನಾಲ್ಕು ಹೆಜ್ಜೆ ನಡೆದು, ಅಂಗಳದಲ್ಲಿ ಹಾಸಿರುವ ತಾಡಪಾಲಿನ ಮೇಲೆ ಅದನ್ನು ತಲೆಕೆಳಗು ಮಾಡಿ ಇಡುತ್ತೀರಿ. ಈಗ ನಾಲ್ಕೂ ಕಾಲುಗಳ ಅಡಿ ಆಕಾಶ ನೋಡುತ್ತಿದೆ. ಆಚಾರ್ರು ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಒಂದು ಕಾಲಿನ ಅಡಿಗೆ ಒತ್ತುತ್ತಾರೆ. ಒಂದಂಗುಲ ಸಲೀಸಾಗಿ ಒಳಗಿಳಿಯುತ್ತದೆ. ಎರಡನೆಯ ಕಾಲೂ ಹಾಗೇ. ಮೂರನೆಯದು ಗಟ್ಟಿ. ನಾಲ್ಕನೆಯದೂ ಗಟ್ಟಿ.

“ನೀರಿನ ಹರವಿ ಯಾವ ಕಡೆ ಇಡ್ತಿದ್ರಿ ಅವ್ವಾ?”

ಜಗಲಿಯ ಮೇಲೆ ಕೂತ ಅಜ್ಜಿ ಕೈ ತೋರಿಸುತ್ತಾರೆ. ಮೆತ್ತಗಾದ ಎರಡು ಕಾಲಿನ ಕಡೆಗೇ ಆ ಕೈ ಚಾಚಿದೆ. ದಾರಿಹೋಕರು ಚೊಂಬಿನಲ್ಲಿ ನೀರು ಮೊಗೆದು ಕುಡಿದು, ಉಳಿದದ್ದನ್ನು ಅಲ್ಲೇ ಚೆಲ್ಲಿದ್ದಾರೆ. ಮಳೆಗಾಲದ ನಾಲ್ಕು ತಿಂಗಳು ಊರಿನ ಎಲ್ಲ ಮರಕ್ಕೂ ನೆನೆಯುವ ಕಾಲ. ಈ ಎರಡು ಕಾಲುಗಳಿಗೆ ಮಾತ್ರ ವರ್ಷದ ಹನ್ನೆರಡು ತಿಂಗಳೂ ಮಳೆಗಾಲವೇ.

ಸಂಕ್ರಾಂತಿ ಕಳೆದಿದೆ. ನೀವು ನಿಂತಿರುವುದು ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ. ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ಬಂಜಾರರು ತಲೆಬಾಗುವ ಊರು ಇದು. ಭಾಯಗಡ ಎಂದೂ ಕರೆಯುತ್ತಾರೆ. ಸೇವಾಲಾಲರು ಹುಟ್ಟಿದ ದಿನ 1739ರ ಫೆಬ್ರುವರಿ 15 ಎಂದು ಸಮುದಾಯ ಆಚರಿಸಿಕೊಂಡು ಬಂದಿದೆ. ಪ್ರತಿ ವರ್ಷ ಫೆಬ್ರುವರಿ ನಡುವಿಗೆ ಜಯಂತಿ. ಮಾಲೆ ಧರಿಸಿದವರು ದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ, ಉಳಿದವರು ಬಸ್ಸು, ಟ್ರ್ಯಾಕ್ಟರ್, ಟೆಂಪೋಗಳಲ್ಲಿ. ಸೇವಾಲಾಲರ ಗುಡಿಗೂ ಮರಿಯಮ್ಮನ ಗುಡಿಗೂ ಹೋಗುವ ಜನ ದಾರಿಯಲ್ಲಿ ನೆರಳು ಕಂಡ ಕಡೆ ಕೂರುತ್ತಾರೆ. ಅಜ್ಜಿಯ ಮನೆ ಮುಂದಿನ ಬೇವಿನ ನೆರಳಿನಲ್ಲಿ ಈ ಬೆಂಚು ಇರುವುದೇ ಅದಕ್ಕಾಗಿ.

“ನಡೆದು ಬಂದೋರು ನಮ್ಮ ಬೆಂಚಿನ ಮ್ಯಾಲೆ ಕೂತು ಬೀಳಬಾರ್ದು ಆಚಾರ್ರೇ. ಬಣ್ಣ ಹಚ್ಚಿ ಚೆಂದ ಮಾಡಿಕೊಡ್ರಿ.”

“ಬಣ್ಣ ಹಚ್ತೀನವ್ವಾ. ಮೊದಲು ಮರ ಒಣಗ್ಲಿ.”

ಅಜ್ಜಿಗೆ ಅವಸರವಿದೆ, ಆಚಾರ್ರಿಗೆ ಇಲ್ಲ. ಹೊರಗೆ ಬಿಸಿಲು ಮಳೆಯಲ್ಲಿ ನಿಲ್ಲುವ ಮರವನ್ನು ಬಣ್ಣವೇ ಕಾಪಾಡುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಅದಕ್ಕೇ ಪ್ರತಿ ಹಬ್ಬಕ್ಕೂ ಹಳೆಯದರ ಮೇಲೆ ಹೊಸದೊಂದು ಪದರ ಬಳಿಯುತ್ತೇವೆ. ಆದರೆ ಒದ್ದೆ ಮರದ ಮೇಲೆ ಬಳಿದ ಬಣ್ಣ ಒಳಗಿನ ನೀರು ಹೊರಹೋಗುವ ದಾರಿಯನ್ನೇ ಮುಚ್ಚುತ್ತದೆ. ಬಿಸಿಲೇರಿದಾಗ ಆ ನೀರು ಆವಿಯಾಗಿ ಬಣ್ಣವನ್ನು ಕೆಳಗಿನಿಂದ ಎತ್ತುತ್ತದೆ, ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದ ಜಾಗದಲ್ಲಿ ಇನ್ನಷ್ಟು ನೀರು ಸೇರುತ್ತದೆ. ಬೆಂಚಿನ ಮೇಲ್ಭಾಗವನ್ನು ನೋಡಿ. ಅಂಗೈಯಗಲದ ಹಸಿರು ಸಿಪ್ಪೆಗಳು ಅಂಚಿನಲ್ಲಿ ಎದ್ದು ನಿಂತಿವೆ. ಒಂದನ್ನು ಉಗುರಿನಲ್ಲಿ ಎತ್ತಿ ತಿರುಗಿಸಿದರೆ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು. ತೀರಾ ಒಳಗೆ ಬೂದುಬಣ್ಣದ ನವಿರು ನಾರು ಅಂಟಿಕೊಂಡು ಬಂದಿದೆ. ಅದು ಬಣ್ಣವಲ್ಲ, ಮರವೇ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟನ್ನು ಮುರಿಯುತ್ತದೆ. ಮಳೆ ಅದನ್ನು ತೊಳೆದೊಯ್ಯುತ್ತದೆ. ಉಳಿಯುವುದು ಹಿಡಿತವಿಲ್ಲದ ಬೂದು ನಾರು. ಅದರ ಮೇಲೆ ಎಷ್ಟು ದುಬಾರಿ ಪೇಂಟು ಹಚ್ಚಿದರೂ ಅದು ಹಿಡಿದುಕೊಳ್ಳುವುದು ಆ ಸಡಿಲ ನಾರನ್ನೇ.

ಆಚಾರ್ರ ಕೆಲಸ ಬಿಚ್ಚುವುದರಿಂದ ಶುರು. ಕೂರುವ ಹಲಗೆಗಳ ಮೊಳೆ ಕಿತ್ತರೆ ಒಂದೊಂದರ ಸುತ್ತಲೂ ಕಾಸಿನಗಲ ಕಪ್ಪು ಕಲೆ. ಕಬ್ಬಿಣದ ತುಕ್ಕು ಮರದ ಒಗರಿನ ಜೊತೆ ಸೇರಿ ಹುಟ್ಟಿದ ಕಪ್ಪು ಅದು. ಹಿಂದೆ ಅಳಲೆಕಾಯಿ ರಸಕ್ಕೆ ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅಲ್ಲಿ ನಡೆಯುತ್ತಿದ್ದದ್ದೂ ಇದೇ ಕ್ರಿಯೆ. ಶಾಯಿಯಾಗಿ ಒಳ್ಳೆಯದು, ಹಲಗೆಗೆ ಕೇಡು: ಆ ಕಪ್ಪಿನ ಜಾಗದಲ್ಲಿ ನಾರು ಸಾಯುತ್ತದೆ, ಮೊಳೆ ಹಿಡಿತ ಬಿಡುತ್ತದೆ. ನಿಮ್ಮ ಕೈಗೆ ಇಕ್ಕಳ ಕೊಟ್ಟು ಆಚಾರ್ರು ಮುಂದಿನ ಹಲಗೆಗೆ ಹೋಗುತ್ತಾರೆ. ನೀವು ಮೊಳೆ ಕೀಳುತ್ತೀರಿ. ತುಕ್ಕು ಹಿಡಿದದ್ದು ನಡುವೆಯೇ ಮುರಿಯುತ್ತದೆ. ಉಳಿದ ತುಂಡನ್ನು ಅವರು ಉಳಿಯಿಂದ ಸುತ್ತ ಕೊರೆದು ತೆಗೆಯುತ್ತಾರೆ.

ಅಜ್ಜಿಯ ಮೊಮ್ಮಗ ಅಷ್ಟರಲ್ಲಿ ಬರುತ್ತಾನೆ. ಐಟಿಐ ಓದುತ್ತಿರುವ ಹುಡುಗ, ಕೈಯಲ್ಲಿ ಗೆಳೆಯನಿಂದ ತಂದ ಕರೆಂಟಿನ ಸ್ಯಾಂಡಿಂಗ್ ಮೆಷಿನ್. “ಒಂದು ಗಂಟೆ ಕೆಲಸ ಯಾಡಿ” ಎಂದು ಅಜ್ಜಿಗೆ ಹೇಳಿ ವೈರು ಎಳೆಯಲು ಹೋಗುತ್ತಾನೆ.

“ತಡಿ ತಮ್ಮಾ” ಎನ್ನುತ್ತಾರೆ ಆಚಾರ್ರು. “ಈ ಕೆಳಗಿನ ಕೆಂಪು ಯಾವ ಕಾಲದ್ದೋ. ಅದರ ಧೂಳು ಮಕ್ಳಿರೋ ಮನೇಲಿ ಏಳಬಾರ್ದು.”

ಅವರ ಮಾತಿಗೆ ಕಾರಣವಿದೆ. ಹಿಂದಿನ ಎನಾಮೆಲ್ ಬಣ್ಣಗಳಲ್ಲಿ ಸೀಸ ಸೇರಿಸುವುದು ವಾಡಿಕೆಯಾಗಿತ್ತು. ಬಣ್ಣಕ್ಕೆ ಹೊಳಪು ಬರುತ್ತಿತ್ತು, ಬೇಗ ಒಣಗುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಪದರಗಳನ್ನು ಸೀಸವಿದೆ ಎಂದೇ ತಿಳಿದು ಮುಟ್ಟಬೇಕು. ಒಣಗಿದ್ದಾಗ ಮೆಷಿನ್ ಹಿಡಿದರೆ ಸೀಸ ಧೂಳಾಗಿ ಉಸಿರಿಗೆ ಸೇರುತ್ತದೆ, ಅಂಗಳದ ಮಣ್ಣಿಗೆ ಬೀಳುತ್ತದೆ. ಆ ಮಣ್ಣಿನಲ್ಲಿ ಆಡಿ ಬೆರಳು ಬಾಯಿಗಿಡುವ ಮಗುವಿನ ಮಿದುಳಿನ ಬೆಳವಣಿಗೆಗೆ ಅದು ಏಟು. ಬ್ಲೋಲ್ಯಾಂಪಿನ ಬೆಂಕಿಯಲ್ಲಿ ಬಣ್ಣ ಸುಟ್ಟು ಕೆರೆಯುವ ಹಳೇ ಪದ್ಧತಿಯೂ ಬೇಡ, ಅದರ ಹೊಗೆಯಲ್ಲೂ ಸೀಸವಿರುತ್ತದೆ.

ಹಾಗಾಗಿ ಒದ್ದೆ ಬಟ್ಟೆ. ಹಳೆಯ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ ಹಲಗೆಯ ಮೇಲೆ ಹಾಸುತ್ತೀರಿ. ಮೂಗು ಬಾಯಿಗೆ ಮಾಸ್ಕ್. ನೆರೆಮನೆಯ ಎರಡು ಮಕ್ಕಳನ್ನು ಅಜ್ಜಿ ಹಿತ್ತಲಿಗೆ ಕಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ಸಿಪ್ಪೆ ಮೆತ್ತಗಾಗುತ್ತದೆ. ಅಗಲ ಬಾಯಿಯ ಕೆರೆಯುವ ತಗಡನ್ನು ಮಲಗಿಸಿ ಹಿಡಿದು, ನಾರಿನ ಗುಂಟ ದೂಡಬೇಕು. ನೀವು ಮೊದಲು ಅದನ್ನು ನೆಟ್ಟಗೆ ಹಿಡಿಯುತ್ತೀರಿ. ತುದಿ ಮರಕ್ಕೆ ಕಚ್ಚಿ ನಿಲ್ಲುತ್ತದೆ. ಆಚಾರ್ರು ಮಾತಾಡದೆ ನಿಮ್ಮ ಮಣಿಕಟ್ಟನ್ನು ಒಂದಿಷ್ಟು ತಗ್ಗಿಸುತ್ತಾರೆ. ಮುಂದಿನ ದೂಡಿಗೆ ಹಸಿರು, ನೀಲಿ, ಕೆಂಪು ಮೂರೂ ಒಟ್ಟಿಗೆ ಸುರುಳಿ ಬಿಚ್ಚಿಕೊಂಡು ಏಳುತ್ತವೆ. ಎಲ್ಲವೂ ತಾಡಪಾಲಿನ ಮೇಲೇ ಬೀಳಬೇಕು. ಸಂಜೆ ಆ ಸಿಪ್ಪೆಯನ್ನೆಲ್ಲ ಬಾಚಿ ಖಾಲಿ ಪೇಂಟ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಹೊಲಕ್ಕೂ ಇಲ್ಲ, ಒಲೆಗೂ ಇಲ್ಲ. ಊಟಕ್ಕೆ ಮುಂಚೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳಲು ನಿಮಗೂ ಹೇಳುತ್ತಾರೆ, ಹುಡುಗನಿಗೂ ಹೇಳುತ್ತಾರೆ.

ಕೆಂಪು ಪದರ ಹೋದ ಮೇಲೆ ಮರ ಕಾಣುತ್ತದೆ. ಬೂದು ನಾರಿನ ಕೆಳಗೆ ಹೊಂಬಣ್ಣ ಬೆರೆತ ಕಂದು. ಒರೆಸಿದ ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸುತ್ತೀರಿ. ನೀರು ಹಳದಿಗಂದು ಬಣ್ಣಕ್ಕೆ ತಿರುಗುತ್ತದೆ.

“ಹೊನ್ನೆ!” ಆಚಾರ್ರ ದನಿಯಲ್ಲಿ ಖುಷಿಯಿದೆ. “ಇಂಥಾ ಮರಾನ ಬಣ್ಣದಲ್ಲಿ ಹುಗಿದಿಟ್ಟಿದ್ರಲ್ಲವ್ವಾ.”

ಹೊನ್ನೆಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಸಕ್ಕರೆ ಕಾಯಿಲೆಯವರು ಕುಡಿಯುವುದನ್ನು ನೀವು ನೋಡಿರಬಹುದು. ನೀರಿಗೆ ಇಳಿಯುವ ಆ ಬಣ್ಣವೇ ಇದು. ಮಲೆನಾಡಿನ ಸೆರಗಿನ ಈ ಸೀಮೆಯ ಎಲೆಯುದುರುವ ಕಾಡುಗಳಲ್ಲಿ ತೇಗ, ಮತ್ತಿ, ನಂದಿ, ಹೊನ್ನೆ ಇವೆ. ಹಳೆಯ ಮನೆಗಳ ಕಂಬ ಬಾಗಿಲುಗಳಲ್ಲೂ ಇವೇ. ಮರ ಯಾವುದೆಂದು ತಿಳಿದ ಮೇಲೇ ಬಣ್ಣದ ಮಾತು, ಏಕೆಂದರೆ ಒಂದೊಂದು ಮರವೂ ಬಣ್ಣದ ಜೊತೆ ಒಂದೊಂದು ಥರ ನಡೆದುಕೊಳ್ಳುತ್ತದೆ. ತೇಗದ ಮೈಯಲ್ಲಿ ಎಣ್ಣೆಯಂಶವಿದೆ. ಥಿನ್ನರ್‌ನಲ್ಲಿ ಒರೆಸಿ ಕೂಡಲೇ ಪ್ರೈಮರ್ ಹಚ್ಚದಿದ್ದರೆ ಬಣ್ಣ ಅಂಟುವುದಿಲ್ಲ. ಹೊನ್ನೆ ಅಂಟಿಸಿಕೊಳ್ಳುತ್ತದೆ, ಆದರೆ ತನ್ನ ಕಂದನ್ನು ಮೇಲಕ್ಕೆ ಬಿಡುತ್ತದೆ. ಅಜ್ಜಿ ಬಯಸಿರುವುದು ಬಿಳಿ, ಸೇವಾಲಾಲರ ಬಾವುಟದ ಬಣ್ಣ. ಸೀದಾ ಬಿಳಿ ಬಳಿದರೆ ಮೊದಲ ಮಳೆಗೆ ಅದು ಚಹಾ ಚೆಲ್ಲಿದ ಪಂಚೆಯಾದೀತು.

ಅದಕ್ಕೆ ಮದ್ದಿದೆ, ಸಮಯ ಬಂದಾಗ ತೋರಿಸುತ್ತೇನೆ ಎನ್ನುತ್ತಾರೆ ಆಚಾರ್ರು. ಈಗ ಒಣಗಿಸುವ ಕೆಲಸ. ಹಲಗೆಗಳನ್ನು ಸೋಡಾ ಬೆರೆಸಿದ ನೀರಿನಲ್ಲಿ ನಾರಿನ ಬ್ರಷ್ಷಿನಿಂದ ಉಜ್ಜಿ, ಬೂಷ್ಟು ತೆಗೆದು, ಒಳ್ಳೆ ನೀರಿನಲ್ಲಿ ತೊಳೆದು, ಜಗಲಿಯ ನೆರಳಿನಲ್ಲಿ ಜೋಡಿಸುತ್ತೀರಿ. ಒಂದರ ಮೇಲೊಂದು ಒತ್ತಾಗಿ ಅಲ್ಲ. ನಡುವೆ ಬೆರಳು ದಪ್ಪದ ಕಡ್ಡಿಗಳಿಟ್ಟು, ಗಾಳಿ ಎರಡೂ ಮೈಗೆ ತಾಗುವಂತೆ. ಬಿಸಿಲಿಗಿಟ್ಟರೆ ಬೇಗ ಒಣಗುವುದಿಲ್ಲವೇ ಎಂದು ಹುಡುಗ ಕೇಳುತ್ತಾನೆ. ಬಿಸಿಲು ಕಂಡ ಮೈ ಮೊದಲು ಒಣಗಿ ಕುಗ್ಗುತ್ತದೆ, ನೆರಳಿನ ಮೈ ಇನ್ನೂ ಉಬ್ಬಿರುತ್ತದೆ, ಹಲಗೆ ಡೊಂಕಾಗುತ್ತದೆ, ತುದಿ ಸೀಳುತ್ತದೆ. ನೆರಳಿನ ಗಾಳಿ ನಿಧಾನ, ಆದರೆ ಸಮ.

ಒಣಗಿದೆ ಎಂದು ತಿಳಿಯುವುದು ಹೇಗೆ? ಆಚಾರ್ರು ಅಂಗೈ ಇಟ್ಟು ಹೇಳಬಲ್ಲರು. ನಿಮಗೆ, ಹುಡುಗನಿಗೆ ಆ ಅಂಗೈ ಇನ್ನೂ ಬಂದಿಲ್ಲ. ಅದಕ್ಕೆ ಅವರು ತಕ್ಕಡಿಯ ದಾರಿ ಹೇಳಿಕೊಡುತ್ತಾರೆ. ಒಂದು ಹಲಗೆಯನ್ನು ಕಿರಾಣಿ ಅಂಗಡಿಯ ತಕ್ಕಡಿಗಿಟ್ಟು ತೂಕವನ್ನು ಅದರ ಬೆನ್ನಿಗೇ ಪೆನ್ಸಿಲ್ಲಿನಲ್ಲಿ ಬರೆಯುವುದು. ಎರಡು ದಿನಕ್ಕೊಮ್ಮೆ ಮತ್ತೆ ತೂಗುವುದು. ತೂಕ ಇಳಿಯುತ್ತಿರುವವರೆಗೆ ನೀರು ಹೋಗುತ್ತಿದೆ. ಇಳಿಯುವುದು ನಿಂತಾಗ ಮರ ಊರಿನ ಗಾಳಿಯ ಜೊತೆ ಸರಿದೂಗಿದೆ. ಮರದ ತೂಕದಲ್ಲಿ ನೀರು ಶೇಕಡ 15ಕ್ಕಿಂತ ಕೆಳಗಿಳಿದ ಮೇಲೇ ಬಣ್ಣದ ಡಬ್ಬಿ ತೆರೆಯಬೇಕು ಎಂಬುದು ಹೊರಗಿನ ಮರಗೆಲಸದ ನಿಯಮ. ಜನವರಿ ಕೊನೆ, ಫೆಬ್ರುವರಿಯ ಒಣಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಜುಲೈನಲ್ಲಿ ಇದೇ ಜಗಲಿಯ ಮೇಲೆ ಹಲಗೆ ತಿಂಗಳಿದ್ದರೂ ಒಣಗುವುದಿಲ್ಲ.

ಹಲಗೆ ಒಣಗುವಷ್ಟರಲ್ಲಿ ಕಾಲುಗಳ ರಿಪೇರಿ. ಮೆತ್ತಗಾದ ಭಾಗವನ್ನು ಆಚಾರ್ರು ಅರೆಬರೆ ಬಿಡುವುದಿಲ್ಲ. ಗರಗಸ ಹಿಡಿದು ಗಟ್ಟಿಮರ ಸಿಗುವವರೆಗೆ ಮೇಲಕ್ಕೆ ಬಂದು, ಅಲ್ಲಿ ಓರೆಯಾಗಿ ಕೊಯ್ಯುತ್ತಾರೆ. ಓರೆ ಉದ್ದವಾಗಿದ್ದಷ್ಟೂ ಅಂಟು ಹಿಡಿಯಲು ಜಾಗ ಹೆಚ್ಚು. ಹಳೆಯ ಬಾಗಿಲಿನ ದಾರಂದದಿಂದ ಉಳಿದ ಹೊನ್ನೆ ತುಂಡನ್ನು ಅದೇ ಓರೆಗೆ ಕೀಸಿ ಕೂರಿಸುತ್ತಾರೆ. ಉಜ್ಜುಗೊರಡಿನ ಬಾಯಿಂದ ಸುರುಳಿಗಳು ಬಂದು ನಿಮ್ಮ ಪಾದದ ಮೇಲೆ ಬೀಳುತ್ತವೆ. ಒಳಾಂಗಣದ ಸಾಮಾನ್ಯ ಫೆವಿಕಾಲ್ ನೀರಿಗೆ ಬಿಡುತ್ತದೆ. ಇಲ್ಲಿ ನೀರು ತಡೆಯುವ ಮರೀನ್ ಬಗೆಯದೇ ಬೇಕು. ಅಂಟು ಹಚ್ಚಿ, ಎರಡು ಮರದ ಗೂಟ ಹೊಡೆದು, ಹಗ್ಗ ಸುತ್ತಿ, ಹಗ್ಗದೊಳಗೆ ಕೋಲು ತೂರಿಸಿ ತಿರುಚುತ್ತಾರೆ. ತಿರುಚಿದಷ್ಟೂ ಬಿಗಿ. ಸಂದಿಯಿಂದ ಅಂಟು ಒಂದು ಗೆರೆಯಾಗಿ ಹೊರಬಂದರೆ ಒಳಗೆಲ್ಲ ತುಂಬಿದೆ ಎಂದರ್ಥ. ಆ ಗೆರೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ಕೆಲಸ ನಿಮ್ಮದು. ಅಂಟು ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಕೂರುವ ಹಲಗೆಗಳ ಹಳೇ ಜೋಡಣೆಯಲ್ಲೂ ತಪ್ಪಿತ್ತು. ಮೂರೂ ಒತ್ತಾಗಿ ಕೂತಿದ್ದವು, ಸಂದಿಯಲ್ಲಿ ನೀರು ನಿಲ್ಲುತ್ತಿತ್ತು. ಈ ಸಲ ಹಲಗೆಯಿಂದ ಹಲಗೆಗೆ ಆರು ಮಿಲಿಮೀಟರ್ ಬಿಡುವು; ಮಳೆನೀರು ಇಳಿದು ಹೋಗಲಿ, ಹಲಗೆ ಉಬ್ಬಿದರೂ ಒಂದನ್ನೊಂದು ತಳ್ಳದಿರಲಿ. ಹಲಗೆಯ ಅಂಚುಗಳು ಕತ್ತಿಯಷ್ಟು ಚೂಪಾಗಿವೆ. ಚೂಪು ಅಂಚಿನಲ್ಲಿ ಬಣ್ಣ ನಿಲ್ಲದೆ ಎರಡೂ ಕಡೆ ಸರಿದು ತೆಳ್ಳಗಾಗುತ್ತದೆ, ಮೊದಲು ಬಿರುಕು ಬಿಡುವುದೂ ಅಲ್ಲೇ. ಆಚಾರ್ರು ಗಾಜಿನ ಚೂರು ಹಿಡಿದು ಅಂಚಿನ ಗುಂಟ ಎಳೆದು ದುಂಡಗೆ ಮಾಡುತ್ತಾರೆ. ನಡೆದು ದಣಿದು ಬಂದವರ ಮಂಡಿಯ ಹಿಂಬದಿಗೂ ಆ ದುಂಡು ಹಿತ.

ಈಗ ಹುಡುಗನ ಮೆಷಿನ್ನಿಗೆ ಅಪ್ಪಣೆ. ಹಳೇ ಬಣ್ಣವೆಲ್ಲ ಹೋಗಿ ಬರೀ ಮರ ಉಳಿದಿದೆ, ಧೂಳಿನಲ್ಲಿ ಸೀಸವಿಲ್ಲ; ಆದರೂ ಮಾಸ್ಕ್ ಇರಲಿ. ಮೊದಲು 60ನೇ ನಂಬರಿನ ಉಪ್ಪುಕಾಗದ, ಬೂದು ನಾರು ಪೂರ್ತಿ ಹೋಗುವವರೆಗೆ. ಆಮೇಲೆ 120. ಹುಡುಗನಿಗೆ 220ಕ್ಕೆ ಹೋಗಿ ಕನ್ನಡಿಯ ನುಣುಪು ತರುವ ಆಸೆ. ಆಚಾರ್ರು 120ಕ್ಕೇ ನಿಲ್ಲಿಸುತ್ತಾರೆ. ಅತಿ ನುಣುಪಾದ ಮೈಗೆ ಬಣ್ಣ ಕಚ್ಚುವುದಿಲ್ಲ. 220 ಬೇಕಾಗುವುದು ಪ್ರೈಮರ್ ಆದ ಮೇಲೆ, ಮೇಲೆದ್ದ ನವಿರುಗಳನ್ನು ಕೂರಿಸಲು. ಮೆಷಿನ್ ಹೋಗದ ಮೂಲೆಗಳಿಗೆ ನೀವು ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜುತ್ತೀರಿ. ಬೆರಳಿಂದ ಉಜ್ಜಿದರೆ ಬೆರಳಗಲದ ಹಳ್ಳ ಬೀಳುತ್ತದೆ. ಹೊನ್ನೆಯ ಒಗರು ವಾಸನೆ ಅಂಗಳ ತುಂಬುತ್ತದೆ.

ಅಜ್ಜಿ ಚಹಾ ತರುತ್ತಾರೆ. ಎಲ್ಲರೂ ಜಗಲಿಯ ಅಂಚಿನಲ್ಲಿ ಕೂರುತ್ತೀರಿ. ಬೆಂಚು ಮನೆಗೆ ಬಂದದ್ದು ಯಾವಾಗ ಎಂದು ನೀವು ಕೇಳುತ್ತೀರಿ.

“ನಮ್ಮತ್ತೆ ಕಾಲದ್ದು. ಅದಕ್ಕೂ ಮುಂಚೆ ನಮ್ಮೋರಿಗೆ ಬೆಂಚೆಲ್ಲಿಂದ ಬರ್ಬೇಕು? ಎತ್ತಿನ ಬೆನ್ನ ಮ್ಯಾಲೆ ಏನು ಹೋಗ್ತೈತೋ ಅಷ್ಟೇ ಸಾಮಾನು.”

ಲದೇಣಿ ಎಂದು ಬಂಜಾರರು ಕರೆದುಕೊಳ್ಳುವ ಬದುಕಿನ ಮಾತದು. ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ, ರಾಜ್ಯದಿಂದ ರಾಜ್ಯಕ್ಕೆ ನಡೆದ ಜನ ಅವರು. ಸೈನ್ಯಗಳಿಗೂ ಆಹಾರ ಒದಗಿಸಿದವರು. ಬ್ರಿಟಿಷರ ಕಾಲದಲ್ಲಿ ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಹೇರೆತ್ತಿನ ವ್ಯಾಪಾರ ಮುಗಿಯಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಲೆಯುವ ಸಮುದಾಯಗಳನ್ನೇ ಅನುಮಾನದಲ್ಲಿಟ್ಟಿತು; ಅದು ರದ್ದಾದದ್ದು 1952ರಲ್ಲಿ. ತಾಂಡಾ ನೆಲೆ ನಿಂತಿತು, ಹೊಲ ಬಂತು, ಮನೆ ಬಂತು. ಮನೆ ಮುಂದೆ ಅಲುಗಾಡದೆ ನಿಲ್ಲುವ ಒಂದು ಭಾರವಾದ ಬೆಂಚು, ಅದರ ಮೇಲೆ ಇನ್ಯಾರೋ ನಡೆದು ಬಂದವರು. ಅಜ್ಜಿ ಈ ಹಳೇ ಮರವನ್ನು ಸೌದೆಗೆ ಹಾಕಿ ಪ್ಲಾಸ್ಟಿಕ್ ಕುರ್ಚಿ ತರಿಸದಿರುವುದು ಏಕೆಂದು ಈಗ ಕೇಳಬೇಕಾಗಿಲ್ಲ.

ತಕ್ಕಡಿ ಎರಡು ಸಲ ಒಂದೇ ತೂಕ ತೋರಿಸಿದೆ. ಆಚಾರ್ರು ತಮ್ಮ ಮದ್ದನ್ನು ಹೊರತೆಗೆಯುತ್ತಾರೆ: ಅಗಲ ಬಾಯಿಯ ಬಾಟಲಿ, ಒಳಗೆ ಜೇನುಬಣ್ಣದ ದ್ರವ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಒಳಮನೆಯ ಕುರ್ಚಿ ಮೇಜಿಗೆ ಹಚ್ಚುವ ಫ್ರೆಂಚ್ ಪಾಲಿಶ್ ಇದರದ್ದೇ. ಹೊರಗಿನ ಸಾಮಾನಿಗೆ ಬರೀ ಅರಗು ಸಾಲದು, ನೀರು ಬಿದ್ದ ಕಡೆ ಬೆಳ್ಳಗಾಗುತ್ತದೆ. ಆದರೆ ಪ್ರೈಮರಿನ ಕೆಳಗೆ ಒಂದು ತೆಳು ಕೈ ಎಳೆದರೆ ಹೊನ್ನೆಯ ಕಂದನ್ನು ಕೆಳಗೇ ತಡೆದು ನಿಲ್ಲಿಸುತ್ತದೆ. ಅರಗಿಗೂ ಬಣ್ಣಕ್ಕೂ ಕನ್ನಡನಾಡಿನಲ್ಲಿ ಹಳೇ ನಂಟು. ಚನ್ನಪಟ್ಟಣದ ಗೊಂಬೆಯ ಹೊಳಪು ಅರಗಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರಿಂದ ತಯಾರಿಸುತ್ತಿರುವುದು ಅದೇ ಸಂಸ್ಥೆ; ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್.

ಸ್ಪಿರಿಟ್ ಬೇಗ ಹಾರುತ್ತದೆ, ಅರಗಿನ ಕೈ ನೋಡನೋಡುತ್ತಿದ್ದಂತೆ ಒಣಗುತ್ತದೆ. ಅದಕ್ಕೂ ಮುಂಚೆ ಆಚಾರ್ರು ಕಾಲುಗಳ ಅಡಿಗೆ ಹೋಗಿದ್ದಾರೆ. ಮರದ ತುದಿ ಎಂದರೆ ಕೊಯ್ದ ನೆಲ್ಲುಹುಲ್ಲಿನ ಕಟ್ಟಿನ ಹಾಗೆ, ಸಾವಿರಾರು ಕೊಳವೆಗಳ ತೆರೆದ ಬಾಯಿ. ಹಲಗೆಯ ಮೈ ಹೀರುವುದಕ್ಕಿಂತ ಹಲವು ಪಟ್ಟು ನೀರನ್ನು ತುದಿ ಹೀರುತ್ತದೆ. ಬೆಂಚು ಕೊಳೆಯಲು ಶುರುವಾದದ್ದು ಅಲ್ಲಿಂದ, ರಕ್ಷಣೆಯೂ ಶುರುವಾಗಬೇಕಾದದ್ದು ಅಲ್ಲಿಂದ. ಪಾದಗಳಿಗೆ ಕುದಿಸಿದ ಅಗಸೆ ಎಣ್ಣೆಯನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಹಚ್ಚಿ, ಹೀರಿದ ಮೇಲೆ ಮತ್ತೆ ಹಚ್ಚಿ, ಇನ್ನು ಹೀರುವುದಿಲ್ಲ ಎನ್ನುವವರೆಗೆ ಕುಡಿಸುತ್ತಾರೆ. ಕರಾವಳಿಯಲ್ಲಿ ದೋಣಿಗಳ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದೂ ಇದೇ ಕಾರಣಕ್ಕೆ. ಇಲ್ಲಿ ಕೆಲವರು ಬೇಲಿಗೂಟಗಳಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುತ್ತಾರೆ. ಕೂರುವ ಬೆಂಚಿಗೆ ಅದು ಬೇಡ: ಬಟ್ಟೆಗೆ ಹತ್ತುತ್ತದೆ, ಮೈಗೆ ಒಳ್ಳೆಯದಲ್ಲ, ಮುಂದೆ ಯಾವ ಬಣ್ಣವೂ ಅದರ ಮೇಲೆ ನಿಲ್ಲುವುದಿಲ್ಲ.

ಎಣ್ಣೆ ಒರೆಸಿದ ಚಿಂದಿಯನ್ನು ಹುಡುಗ ಮುದ್ದೆ ಮಾಡಿ ಜಗಲಿಯ ಮೂಲೆಗೆಸೆಯುತ್ತಾನೆ. ಆಚಾರ್ರು ಎದ್ದು ಹೋಗಿ ಅದನ್ನೆತ್ತಿ ನೀರಿನ ಬಕೆಟ್ಟಿಗೆ ಹಾಕುತ್ತಾರೆ. “ಇದು ತಾನಾಗೇ ಹತ್ತಿಕೊಂತೈತೆ ತಮ್ಮಾ.” ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುವುದು; ಆಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಿಂದ ಬಿಸಿ ಹಾರಿಹೋಗುತ್ತದೆ, ಮುದ್ದೆಯೊಳಗೆ ಕೂಡಿಕೊಂಡು ಬೆಂಕಿಯಾಗುತ್ತದೆ. ಹುಲ್ಲಿನ ಬಣವೆ, ಮೆಕ್ಕೆಜೋಳದ ರಾಶಿ ಪಕ್ಕದಲ್ಲೇ ಇರುವ ಅಂಗಳಗಳಲ್ಲಿ ಇದು ಚಿಕ್ಕ ವಿಷಯವಲ್ಲ.

ಪ್ರೈಮರ್ ದಿನ. ಬೆಳಗಿನ ಇಬ್ಬನಿ ಆರುವವರೆಗೆ ಬ್ರಷ್ ಮುಟ್ಟುವುದಿಲ್ಲ. ಹತ್ತು ಗಂಟೆಯ ನಂತರ, ನೆರಳಿನಲ್ಲಿ. ಬಿಸಿಲಿಗೆ ಕಾದ ಹಲಗೆಯ ಮೇಲೆ ಬಣ್ಣದ ಮೇಲ್ಮೈ ಬೇಗ ಕೆನೆಗಟ್ಟಿ ಒಳಗೆ ಥಿನ್ನರ್ ಸಿಕ್ಕಿಬೀಳುತ್ತದೆ. ಸಂಜೆ ತೀರಾ ತಡವಾದರೆ ಮರುದಿನದ ಇಬ್ಬನಿ ಹೊಳಪು ತಿನ್ನುತ್ತದೆ. ನಿಮ್ಮ ಕೈಗೆ ಮೂರಂಗುಲದ ಬ್ರಷ್ ಬರುತ್ತದೆ. ಮೂರನೇ ಒಂದು ಭಾಗ ಮಾತ್ರ ಅದ್ದಿ, ಡಬ್ಬಿಯ ಒಳಗೋಡೆಗೆ ತಟ್ಟಿ, ಮೊದಲು ಹಲಗೆಯ ಕೆಳಮೈಗೆ ಹಚ್ಚುತ್ತೀರಿ. ಯಾರಿಗೂ ಕಾಣದ ಜಾಗಕ್ಕೆ ಬಣ್ಣ ಏಕೆ? ಮೇಲ್ಮೈಗಷ್ಟೇ ಬಣ್ಣವಿದ್ದರೆ ಕೆಳಗಿನ ಬರೀ ಮೈ ತೇವ ಎಳೆದುಕೊಂಡು ಉಬ್ಬುತ್ತದೆ, ಮೇಲಿನದು ಉಬ್ಬುವುದಿಲ್ಲ, ಹಲಗೆ ಬಟ್ಟಲಿನ ಆಕಾರಕ್ಕೆ ಬಾಗುತ್ತದೆ. ಆರೂ ಮುಖಕ್ಕೂ ಸಮನಾದ ಪದರ ಬೇಕು. ಜೋಡಿಸುವ ಮುನ್ನವೇ ಪ್ರೈಮರ್ ಹಚ್ಚುತ್ತಿರುವುದೂ ಅದಕ್ಕೇ. ಜೋಡಿಸಿದ ಮೇಲೆ ಸಂದಿಯೊಳಗೆ ಬ್ರಷ್ ಹೋಗುವುದಿಲ್ಲ, ನೀರು ಹೋಗುತ್ತದೆ.

ಮರುದಿನ 220ನೇ ನಂಬರಿನ ಕಾಗದದಿಂದ ಹಗುರವಾಗಿ ಸವರಿ, ಒರೆಸಿ, ಜೋಡಣೆ. ಮೊಳೆಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ತಲೆ ಮರದೊಳಗೆ ಇಳಿಯುವಷ್ಟು ಕೊರೆದು, ಮೇಲೆ ಹೊನ್ನೆಯ ಪುಟ್ಟ ಬಿರಡೆ ಕೂರಿಸಿ ಕೀಸುತ್ತಾರೆ. ಸಣ್ಣ ಬಿರುಕುಗಳಿಗೆ ಗರಗಸದ ಪುಡಿಯನ್ನು ನೀರು ತಡೆಯುವ ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಗೋಡೆಗೆ ಬಳಸಿ ಉಳಿದಿದ್ದ ಪುಟ್ಟಿಯನ್ನು ಹುಡುಗ ತಂದಿದ್ದ. ಅದು ಮರದ ಜೊತೆ ಉಬ್ಬುವುದಿಲ್ಲ, ಕುಗ್ಗುವುದಿಲ್ಲ, ಮೊದಲ ಮಳೆಗಾಲಕ್ಕೇ ಉದುರುತ್ತದೆ.

ಆಮೇಲೆ ಬಿಳಿ. ತೆಳುವಾದ ಒಂದು ಕೈ, ರಾತ್ರಿಯಿಡೀ ಬಿಡುವು, ಮತ್ತೊಂದು ತೆಳು ಕೈ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಸುಕ್ಕು, ಒಳಗೆ ಹಸಿ. ನಾರಿನ ಗುಂಟ ಎಳೆದು, ಕೊನೆಯಲ್ಲಿ ಬರೀ ಬ್ರಷ್ಷಿನ ತುದಿ ತಾಗಿಸಿ ಒಂದೇ ದಿಕ್ಕಿಗೆ ಸವರುತ್ತೀರಿ. ಗೆರೆಗಳು ಕೂಡಿಕೊಂಡು ಮಾಯವಾಗುತ್ತವೆ. ಹೊನ್ನೆಯ ಕಂದು ಎಲ್ಲೂ ಮೇಲೆ ಬಂದಿಲ್ಲ. ಒರಗು ಹಲಗೆಯ ಅಂಚಿಗೆ ಅಜ್ಜಿ ಕೆಂಪು ಪಟ್ಟಿ ಬೇಕೆನ್ನುತ್ತಾರೆ, ಮರಿಯಮ್ಮನಿಗೆಂದು. ಆಚಾರ್ರು ಸಣ್ಣ ಬ್ರಷ್ ತೆಗೆದು, ಕೈ ಅದುರದಂತೆ ಇನ್ನೊಂದು ಕೈಯ ಆಸರೆ ಕೊಟ್ಟು ಎಳೆಯುತ್ತಾರೆ. ಈ ಎಳೆತವೂ ಒಂದು ಪರಂಪರೆಯದೇ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಮರದ ದೇವರಿಗೆ ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಮೈ ಸಿದ್ಧಮಾಡಿ, ಆಮೇಲೆಯೇ ಬಣ್ಣ ಕಟ್ಟುತ್ತಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರ ತೇಗದ ಅರಮನೆ. ಅದರ ಬಣ್ಣಗಳು ಈವರೆಗೆ ಉಳಿದು ಬಂದಿದ್ದರೆ ಮತ್ತೆ ಮತ್ತೆ ನಡೆದ ದುರಸ್ತಿಯ ಜೊತೆಗೆ ಮಳೆ ಬಿಸಿಲನ್ನು ದೂರವಿಡುವ ಅಗಲವಾದ ಪಡಸಾಲೆಯೂ ಕಾರಣ. ಮರವನ್ನು ಕಾಯುವುದರಲ್ಲಿ ಬಣ್ಣದ ಪಾಲು ಕೊನೆಯದು. ಮೊದಲ ಪಾಲು ನೀರನ್ನು ದೂರವಿಡುವ ಯೋಚನೆಯದು, ಎರಡನೆಯದು ಸಿದ್ಧತೆಯದು.

ಬೆಂಚು ಬೇವಿನಡಿಗೆ ಮರಳುವ ಮುಂಚೆ ಆ ಯೋಚನೆ ಕೆಲಸವಾಗಬೇಕು. ನೀರಿನ ಹರವಿಯನ್ನು ಮರದ ಆಚೆ ಬದಿಗೆ ಸರಿಸುತ್ತೀರಿ, ಚೆಲ್ಲಿದ ನೀರು ಬಾಳೆಗಿಡದ ಬುಡಕ್ಕೆ ಹರಿಯುವಂತೆ ಹುಡುಗ ಕಾಲುವೆ ತೆಗೆಯುತ್ತಾನೆ. ನಾಲ್ಕು ಚಪ್ಪಟೆ ಕಲ್ಲುಗಳನ್ನು ನೆಲದಿಂದ ಎರಡಂಗುಲ ಮೇಲೆ ನಿಲ್ಲುವಂತೆ ಹುಗಿದು, ಪ್ರತಿ ಕಾಲನ್ನೂ ಕಲ್ಲಿನ ಮೇಲೆ ಕೂರಿಸುತ್ತೀರಿ. ಇನ್ನು ಗೆದ್ದಲು ಬರಬೇಕಾದರೂ ಕಲ್ಲು ಹತ್ತಿ, ಕಣ್ಣಿಗೆ ಕಾಣುವ ಮಣ್ಣಿನ ದಾರಿ ಕಟ್ಟಿಕೊಂಡೇ ಬರಬೇಕು. ಮುಟ್ಟಿದರೆ ಒಣಗಿದ್ದರೂ ಎನಾಮೆಲ್ ಒಳಗೆ ಗಟ್ಟಿಯಾಗಲು ಇನ್ನೂ ಒಂದು ವಾರ ಬೇಕು. ಜಯಂತಿಗೆ ಅಷ್ಟು ದಿನ ಉಳಿದಿದೆ.

“ಎಷ್ಟು ವರ್ಷ ಬರ್ತೈತೆ ಆಚಾರ್ರೇ?”

“ನೀವು ವರ್ಷಕ್ಕೊಂದ್ಸಲ ಬಗ್ಗಿ ಕೆಳಗೆ ನೋಡಿದಷ್ಟು ವರ್ಷ, ಅವ್ವಾ.”

ಅಜ್ಜಿ ಮೊಮ್ಮಗನ ಕಡೆ ತಿರುಗುತ್ತಾರೆ. ಬಗ್ಗುವುದು ಇನ್ನು ಅವನ ಪಾಲು. ಆಚಾರ್ರು ಅವನನ್ನು ಬೆಂಚಿನ ಪಕ್ಕ ಕೂರಿಸಿಕೊಂಡು ಒಂದೊಂದಾಗಿ ಹೇಳುತ್ತಾರೆ. ಯುಗಾದಿ ಕಳೆದು ಮುಂಗಾರಿಗೆ ಮುಂಚೆ ಬೆಂಚು ಮಗುಚಿ ಹಾಕು. ಸ್ಕ್ರೂಡ್ರೈವರಿನಿಂದ ನಾಲ್ಕೂ ಪಾದ ಒತ್ತಿ ನೋಡು, ಮೆತ್ತಗಿದ್ದರೆ ಅವತ್ತೇ ಹೇಳಿಕಳಿಸು. ಹಲಗೆಯ ಸಂದಿಯಲ್ಲಿ ಬೇವಿನೆಲೆ ತುಂಬಿದ್ದರೆ ಕಡ್ಡಿಯಿಂದ ಕೆದಕಿ ತೆಗೆ, ಎಲೆ ನೀರು ಹಿಡಿದಿಡುತ್ತದೆ. ಎಲ್ಲಾದರೂ ಬಣ್ಣ ಬಿರುಕು ಬಿಟ್ಟಿದ್ದರೆ ಅಷ್ಟೇ ಜಾಗ ಕೆರೆದು, ಒಣಗಿಸಿ, ಪ್ರೈಮರ್ ಹಚ್ಚಿ, ಬಿಳಿ ಹಚ್ಚು. ಇಡೀ ಬೆಂಚಿಗೆ ಬಳಿಯಲು ಹೋಗಬೇಡ. ಪಾದಕ್ಕೆ ಪ್ರತಿ ವರ್ಷ ಎಣ್ಣೆ ಕುಡಿಸು. ಉಳಿದ ಬಣ್ಣದ ಡಬ್ಬಿಯ ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡು, ಬಣ್ಣದ ಹೆಸರನ್ನೂ ತಂದ ದಿನವನ್ನೂ ಅದರ ಮೇಲೆ ಬರಿ.

“ಎಲ್ಲಿಂದ ಶುರು ಮಾಡ್ತೀಯ?” ಎಂದು ಕೊನೆಗೆ ಪರೀಕ್ಷೆ ಮಾಡುತ್ತಾರೆ.

“ಪಾದದಿಂದ” ಎನ್ನುತ್ತಾನೆ ಹುಡುಗ.